ಹರಳಿನೊಳಗಿನ ನೀರು

ಫೆಬ್ರವರಿ ತಿಂಗಳ ಆ ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಮೂರು ವಾರಗಳಿಂದ ನನ್ನ ನಿದ್ದೆ ಕೆಡಿಸಿದ್ದ, ಯುರೋಪಿನಲ್ಲಿ ರಾಸಾಯನಿಕಗಳನ್ನು ನೋಂದಾಯಿಸಲು ವಿವರ ತುಂಬುವ ಐಯುಕ್ಲಿಡ್ ತಂತ್ರಾಂಶವು ನನ್ನ ಕಡತದಲ್ಲಿ ಒಂದೂ ದೋಷವಿಲ್ಲವೆಂದು ಒಪ್ಪಿಕೊಂಡಿತು. ಕಡತವನ್ನು ರಫ್ತು ಮಾಡಿ, ಜರ್ಮನಿಯಲ್ಲಿರುವ ನಮ್ಮ ಪ್ರತಿನಿಧಿ ಸಂಸ್ಥೆಗೆ ಕಳುಹಿಸಿ, ಲ್ಯಾಬಿನಲ್ಲಿದ್ದ ಎಲ್ಲರಿಗೂ ನನ್ನ ಖರ್ಚಿನಲ್ಲಿ ಕಾಫಿ ತರಿಸಿದೆ. ಆ ಕಾಫಿಯ ದುಡ್ಡು ದಂಡವಾಯಿತೆಂದು ತಿಳಿಯಲು ಮೂರು ಗಂಟೆ ಸಾಕಾಯಿತು.

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ರಾಸಾಯನಿಕ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ನನ್ನ ಕೆಲಸ. ನಾವು ಮಾಡುವ ಸರಕುಗಳಲ್ಲಿ ಒಂದು ಸಾವಯವ ಆಮ್ಲದ ಸೋಡಿಯಂ ಲವಣವೂ ಉಂಟು. ಅದರ ಹೆಸರನ್ನು ಇಲ್ಲಿ ಬರೆಯಲು ನನಗೆ ಅನುಮತಿಯಿಲ್ಲ. ಯುರೋಪಿನ ರೀಚ್ ನಿಯಮ 2007ರ ಜೂನ್ 1ರಿಂದ ಜಾರಿಯಲ್ಲಿದೆ. ವರ್ಷಕ್ಕೆ ಒಂದು ಟನ್ ಅಥವಾ ಅದಕ್ಕಿಂತ ಹೆಚ್ಚು ಪ್ರಮಾಣದ ವಸ್ತು ಅಲ್ಲಿಗೆ ಹೋಗುವುದಾದರೆ ಅದನ್ನು ಹೆಲ್ಸಿಂಕಿಯಲ್ಲಿರುವ ಯುರೋಪಿಯನ್ ರಾಸಾಯನಿಕ ಸಂಸ್ಥೆಯಲ್ಲಿ ನೋಂದಾಯಿಸಬೇಕು. ಹೊರದೇಶದ ತಯಾರಕರು ತಾವೇ ನೋಂದಾಯಿಸುವಂತಿಲ್ಲ. ಒಂದೋ ಅಲ್ಲಿನ ಆಮದುದಾರ ಮಾಡಬೇಕು, ಇಲ್ಲವೇ ನಾವು ಅಲ್ಲಿ ಒಬ್ಬ ‘ಓನ್ಲಿ ರೆಪ್ರೆಸೆಂಟೇಟಿವ್’ ಅನ್ನು ನೇಮಿಸಬೇಕು. ನಮ್ಮ ಮಾಲೀಕರು ಎರಡನೆಯ ದಾರಿ ಹಿಡಿದರು. ವಸ್ತುವಿನ ವಿವರಗಳನ್ನು ತಂತ್ರಾಂಶದಲ್ಲಿ ತುಂಬಿಸಿ ಕೊಟ್ಟರೆ ಪ್ರತಿನಿಧಿಯ ಶುಲ್ಕದಲ್ಲಿ ಸ್ವಲ್ಪ ಉಳಿಯುತ್ತದೆಂಬ ಲೆಕ್ಕಾಚಾರದ ಮೇಲೆ ಆ ಕೆಲಸ ನನ್ನ ಮೇಜಿಗೆ ಬಂದಿತು.

ತಂತ್ರಾಂಶಕ್ಕೆ ದುಡ್ಡಿಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆದರೆ ಅದರ ಸ್ವಭಾವ ನಮ್ಮ ತಾಲ್ಲೂಕು ಕಚೇರಿಯ ಹಳೆಯ ಗುಮಾಸ್ತರನ್ನು ನೆನಪಿಸುವಂಥದ್ದು: ಏನು ತಪ್ಪಿದೆಯೆಂದು ಹೇಳುತ್ತದೆ, ಹೇಗೆ ಸರಿಪಡಿಸಬೇಕೆಂದು ನಾವೇ ಹುಡುಕಿಕೊಳ್ಳಬೇಕು. ಒಂದು ರಾಸಾಯನಿಕದ ಹೆಸರನ್ನು ನೇರವಾಗಿ ಟೈಪ್ ಮಾಡಲು ಸಹ ಬರುವುದಿಲ್ಲ. ಮೊದಲು ‘ರೆಫರೆನ್ಸ್ ಸಬ್‌ಸ್ಟೆನ್ಸ್’ ಎಂಬ ಪ್ರತ್ಯೇಕ ದಾಖಲೆಯನ್ನು ಸೃಷ್ಟಿಸಿ, ಅದರಲ್ಲಿ ಸಿಎಎಸ್ ಸಂಖ್ಯೆ (ರಾಸಾಯನಿಕದ ಗುರುತಿನ ಸಂಖ್ಯೆ), ಅಣುಸೂತ್ರ, ಅಣುತೂಕ, ರಚನೆ ಎಲ್ಲವನ್ನೂ ಕೊಟ್ಟು, ಬಳಿಕ ಅದನ್ನು ತಂದು ವಸ್ತುವಿಗೆ ಜೋಡಿಸಬೇಕು. ಪ್ರತಿಯೊಂದು ಕಲ್ಮಶಕ್ಕೂ ಇದೇ ಉಪಚಾರ. ಮೊದಲ ಸಲ ‘ವ್ಯಾಲಿಡೇಶನ್ ಅಸಿಸ್ಟೆಂಟ್’ ಓಡಿಸಿದಾಗ ಇಪ್ಪತ್ತಮೂರು ದೋಷಗಳು ಬಂದವು. ಅವು ಎರಡು ಬಗೆ: ಸಲ್ಲಿಕೆಯನ್ನೇ ತಡೆಯುವ ದೋಷಗಳು ಒಂದು, ಗುಣಮಟ್ಟದ ಬಗ್ಗೆ ಬರೀ ಎಚ್ಚರಿಸಿ ಬಿಟ್ಟುಬಿಡುವವು ಇನ್ನೊಂದು. ಮೊದಲನೆಯವನ್ನು ಒಂದೊಂದಾಗಿ ಅಳಿಸುತ್ತ ಹೋಗುವುದರಲ್ಲಿ ಒಂದು ಬಗೆಯ ಆಟದ ಚಟ ಹತ್ತಿಕೊಳ್ಳುತ್ತದೆಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ. ಕೊನೆಕೊನೆಗೆ ನಾನು ವಸ್ತುವನ್ನು ಮರೆತು ಆ ಸಂಖ್ಯೆಯನ್ನು ಸೊನ್ನೆಗೆ ಇಳಿಸುವುದರಲ್ಲೇ ಮುಳುಗಿದ್ದೆ.

ಜರ್ಮನಿಯಲ್ಲಿ ಕಚೇರಿ ತೆರೆಯುವ ಹೊತ್ತಿಗೆ ಚಳಿಗಾಲದಲ್ಲಿ ನಮ್ಮಲ್ಲಿ ಮಧ್ಯಾಹ್ನ ಒಂದೂವರೆ. ಎರಡು ಗಂಟೆಗೆ ಪ್ರತಿನಿಧಿ ಸಂಸ್ಥೆಯ ಅಧಿಕಾರಿಣಿಯ ಪತ್ರ ಬಂದಿತು. ಅದರಲ್ಲಿ ಎರಡೇ ಪ್ರಶ್ನೆ. ಈ ವಸ್ತುವಿಗೆ ಹಲವು ಕಂಪನಿಗಳು ಕೂಡಿ ಈಗಾಗಲೇ ಮಾಡಿರುವ ಜಂಟಿ ನೋಂದಣಿಯಲ್ಲಿ ಮುಖ್ಯ ನೋಂದಣಿದಾರರು ನಿರ್ಜಲ (ನೀರಿಲ್ಲದ) ಲವಣದ ಸಿಎಎಸ್ ಸಂಖ್ಯೆಯನ್ನು ಕೊಟ್ಟಿದ್ದಾರೆ. ನೀವು ಕೊಟ್ಟಿರುವುದು ಡೈಹೈಡ್ರೇಟಿನದು, ಅಂದರೆ ಎರಡು ಅಣು ನೀರು ಸೇರಿದ ರೂಪದ್ದು, ಏಕೆ? ನಿಮ್ಮ ಸಂಯೋಜನೆಯಲ್ಲಿ ಮುಖ್ಯ ಘಟಕ 99.5 ಶೇಕಡಾ, ಕಲ್ಮಶ 0.5 ಶೇಕಡಾ ಎಂದಿದೆ; ಆದರೆ 1.4ನೆಯ ವಿಭಾಗಕ್ಕೆ ನೀವೇ ಲಗತ್ತಿಸಿರುವ, ನೀರಿನ ಅಂಶ ಅಳೆಯುವ ಕಾರ್ಲ್ ಫಿಷರ್ ಪರೀಕ್ಷೆಯ ವರದಿಯಲ್ಲಿ 12.1 ಶೇಕಡಾ ನೀರಿದೆ. ಅದು ಹರಳಿನ ಭಾಗವಾದ ನೀರೋ, ಬರೀ ತೇವವೋ?

ನನ್ನ ಕಿವಿ ಬಿಸಿಯಾಯಿತು. ನಮ್ಮ ಲ್ಯಾಬಿನ ಶುದ್ಧತೆಯ ಅಂಕಿ ‘ಒಣಗಿಸಿದ ಆಧಾರದ ಮೇಲೆ’ ಎಂಬ ಷರತ್ತಿನೊಂದಿಗೆ, ಅಂದರೆ ನೀರನ್ನು ಲೆಕ್ಕಕ್ಕೆ ಹಿಡಿಯದೆ ಬರುತ್ತದೆ. ಆ ಷರತ್ತನ್ನು ನಾನು ಪ್ರತಿದಿನ ಸರ್ಟಿಫಿಕೇಟುಗಳಲ್ಲಿ ಬರೆಯುತ್ತೇನೆ, ಆದರೆ ತಂತ್ರಾಂಶದಲ್ಲಿ ಅಂಕಿಯನ್ನು ಮಾತ್ರ ತುಂಬಿಸಿ ಷರತ್ತನ್ನು ಬಿಟ್ಟಿದ್ದೆ. ಸಿಎಎಸ್ ಸಂಖ್ಯೆಯನ್ನು ನಮ್ಮ ಇನ್‌ವಾಯ್ಸಿನಿಂದ ನಕಲು ಮಾಡಿದ್ದೆ. ಕೂಡಿದರೆ ನೂರು ಬರುತ್ತಿದ್ದುದರಿಂದ ತಂತ್ರಾಂಶಕ್ಕೆ ತಕರಾರಿರಲಿಲ್ಲ. ಲಗತ್ತಿಸಿದ ವರದಿಯನ್ನು ಅದು ತೆರೆದು ಓದುವುದಿಲ್ಲ, ಓದಬೇಕಾದವಳು ನಾನು.

ಇಲ್ಲಿ ವಿಷಯವನ್ನು ಕೊಂಚ ಬಿಡಿಸಿ ಹೇಳಬೇಕು. ತೋಟ ಮಾಡುವವರಿಗೆಲ್ಲ ಮೈಲುತುತ್ತ ಗೊತ್ತು; ಬೋರ್ಡೋ ದ್ರಾವಣಕ್ಕೆ ಹಾಕುವ ಆ ನೀಲಿ ಹರಳು. ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ, ಆದರೆ ನೂರು ಗ್ರಾಂ ಮೈಲುತುತ್ತದಲ್ಲಿ ಸುಮಾರು 36 ಗ್ರಾಂ ನೀರೇ. ಕಾಯಿಸಿದರೆ ಆ ನೀರು ಹೋಗಿ ಹರಳು ಬೆಳ್ಳಗಾಗುತ್ತದೆ. ನಮ್ಮ ಲವಣದ ಕಥೆಯೂ ಇದೇ: ನಿರ್ಜಲ ರೂಪದ ಅಣುತೂಕ ಸುಮಾರು 260, ಎರಡು ಅಣು ನೀರು ಸೇರಿದರೆ 296. ಅಂದರೆ ಲೆಕ್ಕದ ಪ್ರಕಾರ ನೀರು 12.2 ಶೇಕಡಾ. ನಮ್ಮ ವರದಿಯ 12.1 ಅದಕ್ಕೆ ಹತ್ತಿರವೇ ಇತ್ತು. ಆದರೂ ಒಂದೇ ಅಂಕಿಯ ಮೇಲೆ ‘ಇದು ಹರಳಿನ ನೀರು’ ಎಂದು ಬರೆದುಕೊಡಲು ನನಗೆ ಧೈರ್ಯವಾಗಲಿಲ್ಲ. ಅರ್ಧ ದಿನದ ಹಿಂದೆಯಾಗಿದ್ದರೆ ಬಹುಶಃ ಬರೆದುಬಿಡುತ್ತಿದ್ದೆ.

ಈ ಮಾಲನ್ನು ಹದಿನಾಲ್ಕು ವರ್ಷಗಳಿಂದ ಒಣಗಿಸುತ್ತಿರುವವರು ಒಬ್ಬ ಡ್ರೈಯರ್ ಆಪರೇಟರ್. ಎರಡನೆಯ ಪಾಳಿಗೆ ಬರಬೇಕಿದ್ದ ಅವರು ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಎತ್ತು ನೋಡಲು ಹೋಗಿ ಒಂದು ಗಂಟೆ ತಡವಾಗಿ ಬಂದರು. ಎತ್ತಿನ ಬೆಲೆ ಕೇಳಿ ಬಂದ ಬೇಸರದಲ್ಲಿದ್ದ ಅವರನ್ನು ಟ್ರೇ ಡ್ರೈಯರ್ ಪಕ್ಕದಲ್ಲೇ ಹಿಡಿದು ಕೇಳಿದೆ: “ಅಣ್ಣ, ಈ ಮಾಲನ್ನು ಅರವತ್ತು ಡಿಗ್ರಿಗೇ ಯಾಕೆ ನಿಲ್ಲಿಸ್ತೀರಿ? ಯಾವತ್ತಾದರೂ ನೂರು ದಾಟಿಸಿದ್ದೀರಾ?”

“ಒಂದ್ ಸಲ ದಾಟಿತ್ತು ಮೇಡಂ. ಥರ್ಮೋಸ್ಟಾಟ್ ಕೆಟ್ಟೋಗಿತ್ತು. ಹರಳಿನ ಹೊಳಪೆಲ್ಲ ಹೋಗಿ ಮೈದಾಹಿಟ್ಟು ಆದಂಗಾಯ್ತು. ತೂಕ ಬೇರೆ ಕಮ್ಮಿ ಬಂತು. ನೂರು ಕೆಜಿಗೆ ಎಂಬತ್ತೆಂಟು. ಉಳಿದ ಹನ್ನೆರಡು ಕೆಜಿ ಎಲ್ಲೋಯ್ತು ಅಂತ ಸ್ಟೋರ್ಸ್‌ನೋರು ನನ್ನೇ ಹಿಡ್ಕಂಡ್ರು.”

“ಆಮೇಲೆ ಆ ಮಾಲು ಏನಾಯ್ತು?”

“ಡ್ರಮ್ಮಿಗೆ ತುಂಬಿಟ್ವು. ಮಳೆಗಾಲ್ದಾಗೆ ತೆಗೆದ್ರೆ ಕಲ್ಲು. ಸುತ್ತಿಗೇಲಿ ಒಡೀಬೇಕಾಯ್ತು.”

ನೂರಕ್ಕೆ ಹನ್ನೆರಡು! ಕಾರ್ಲ್ ಫಿಷರ್ ಯಂತ್ರ ಹೇಳಿದ್ದನ್ನೇ ಸ್ಟೋರ್ಸಿನ ತಕ್ಕಡಿಯೂ ಎಂದೋ ಹೇಳಿತ್ತು. ಹಳೆಯ ಬ್ಯಾಚ್ ದಾಖಲೆಗಳನ್ನು ಹುಡುಕಿದಾಗ ಆ ದಿನದ ಪುಟವೂ ಸಿಕ್ಕಿತು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ತೂಕ ವ್ಯತ್ಯಾಸ, ಕಾರಣ ತಿಳಿಯದು’ ಎಂದು ಬರೆದಿತ್ತು. ಬರೀ ತೇವವಾಗಿದ್ದರೆ ಅರವತ್ತು ಡಿಗ್ರಿಯಲ್ಲೇ ಬಹುಪಾಲು ಹೋಗಬೇಕಿತ್ತು, ಬ್ಯಾಚಿನಿಂದ ಬ್ಯಾಚಿಗೆ ಅಂಕಿಯೂ ಏರುಪೇರಾಗಬೇಕಿತ್ತು. ಒಬ್ಬ ಗ್ರಾಹಕರಿಗಾಗಿ ಮೂರು ವರ್ಷದ ಹಿಂದೆ ಬೆಂಗಳೂರಿನಲ್ಲಿ ಮಾಡಿಸಿದ್ದ, ಕಾಯಿಸುತ್ತ ಹೋದಂತೆ ತೂಕ ಹೇಗೆ ಬದಲಾಗುತ್ತದೆಂದು ತೋರಿಸುವ ಟಿಜಿಎ ನಕ್ಷೆಯನ್ನೂ ಹೊರತೆಗೆದೆ. ಅದರಲ್ಲಿ ತೂಕ ನೂರು ಡಿಗ್ರಿಯ ಆಸುಪಾಸಿನಲ್ಲಿ ಒಂದೇ ಮೆಟ್ಟಿಲಾಗಿ ಇಳಿದಿತ್ತು. ಇನ್ನು ಅನುಮಾನ ಉಳಿಯಲಿಲ್ಲ.

ಉತ್ತರ ಬರೆಯುವ ಮೊದಲು ನಿಯಮದ 5ನೆಯ ಅನುಬಂಧವನ್ನು ತೆರೆದೆ. ನಿರ್ಜಲ ರೂಪವನ್ನು ನೋಂದಾಯಿಸಿದ ತಯಾರಕ ಅಥವಾ ಆಮದುದಾರನಿಗೆ ಅದೇ ವಸ್ತುವಿನ ಹೈಡ್ರೇಟುಗಳ ಪ್ರತ್ಯೇಕ ನೋಂದಣಿ ಬೇಕಿಲ್ಲವೆಂದು ಅದರ 6ನೆಯ ನಮೂದು ಹೇಳುತ್ತದೆ. ಅಂದಮೇಲೆ ನಾವೂ ನಿರ್ಜಲ ಲವಣದ ಹೆಸರಿನಲ್ಲೇ ಜಂಟಿ ನೋಂದಣಿಗೆ ಸೇರಬಹುದಿತ್ತು. ಅಷ್ಟೇ ಅಲ್ಲ, ಆಗ ವಾರ್ಷಿಕ ಪ್ರಮಾಣವನ್ನು ಲೆಕ್ಕ ಹಾಕುವಾಗ ನೀರಿನ ತೂಕವನ್ನು ಬಿಡಬೇಕು. ಇದನ್ನು ಓದಿ ನಾನು ಕ್ಯಾಲ್ಕ್ಯುಲೇಟರ್ ಕೈಗೆತ್ತಿಕೊಂಡೆ. ಆ ವರ್ಷ ಕಳುಹಿಸಬೇಕಿದ್ದದ್ದು 25 ಕೆಜಿಯ 440 ಡ್ರಮ್, ಅಂದರೆ 11,000 ಕೆಜಿ. ಅದನ್ನು 260ರಿಂದ ಗುಣಿಸಿ 296ರಿಂದ ಭಾಗಿಸಿದರೆ ಸುಮಾರು 9,662 ಕೆಜಿ. ಕಲ್ಮಶವನ್ನು ಕಳೆಯುವಂತಿಲ್ಲ, ರೀಚ್ ಪ್ರಕಾರ ತಯಾರಿಕೆಯಲ್ಲಿ ಬಂದ ಕಲ್ಮಶ ವಸ್ತುವಿನದೇ ಭಾಗ. ಹಾಗಿದ್ದರೂ ನಾವು ಹತ್ತು ಟನ್ನಿನ ಗೆರೆಯ ಕೆಳಗೆ ಇಳಿದಿದ್ದೆವು.

ಆ ಗೆರೆ ಸಾಮಾನ್ಯದ್ದಲ್ಲ. ಹತ್ತು ಟನ್ ಮುಟ್ಟಿದ ಕೂಡಲೇ 8ನೆಯ ಅನುಬಂಧದ ಅಧ್ಯಯನಗಳು ಬೇಕಾಗುತ್ತವೆ; ಇಲಿಗಳಿಗೆ 28 ದಿನ ವಸ್ತುವನ್ನು ಕೊಟ್ಟು ನೋಡುವ ಪರೀಕ್ಷೆ ಅವುಗಳಲ್ಲೊಂದು. ಜೊತೆಗೆ ರಾಸಾಯನಿಕ ಸುರಕ್ಷತಾ ವರದಿಯೂ ಬೇಕು. ಆ ಅಧ್ಯಯನಗಳು ಮುಖ್ಯ ನೋಂದಣಿದಾರರ ಬಳಿ ಇದ್ದವು, ಹೊಸದಾಗಿ ಯಾವ ಪ್ರಾಣಿಯೂ ಸಾಯಬೇಕಿರಲಿಲ್ಲ; ಆದರೆ ಅವನ್ನು ಬಳಸಿಕೊಳ್ಳಲು ‘ಲೆಟರ್ ಆಫ್ ಆಕ್ಸೆಸ್’ ಖರೀದಿಸಬೇಕು. ಹತ್ತು ಟನ್ನಿನ ಮೇಲಿನ ಹಂತಕ್ಕೆ ನಮಗೆ ಹೇಳಿದ್ದ ದರದಲ್ಲಿ ಹೆಚ್ಚುಕಡಿಮೆ ಒಂದು ಹೊಸ ಡ್ರೈಯರೇ ಬರುತ್ತಿತ್ತು.

ಮಾಲೀಕರಿಗೆ ಹೇಳಿದಾಗ ಅವರು ಕುರ್ಚಿಯಿಂದ ಎದ್ದೇಬಿಟ್ಟರು. “ತಪ್ಪು ಮಾಡಿದ್ದೇ ಒಳ್ಳೇದಾಯ್ತಲ್ಲಮ್ಮ!” ಎಂದರು. ನನಗೆ ಅಷ್ಟು ಸಂತೋಷವಾಗಲಿಲ್ಲ. ಗೆರೆಗೂ ನಮಗೂ ನಡುವೆ 338 ಕೆಜಿ ಮಾತ್ರ ಉಳಿದಿತ್ತು. ಇನ್ನು ಹದಿನೈದು ಡ್ರಮ್ ಹೋಗಬಹುದು, ಹದಿನಾರನೆಯದು ಹೋದರೆ ಹತ್ತು ಟನ್ ದಾಟುತ್ತದೆ. ಒಂದೇ ಪ್ರತಿನಿಧಿಯ ಮೂಲಕ ಹೋಗುವ ಎಲ್ಲ ಖರೀದಿದಾರರ ಮಾಲನ್ನೂ ಒಟ್ಟುಗೂಡಿಸಿ ಲೆಕ್ಕ ಹಿಡಿಯಬೇಕೆಂಬುದನ್ನು ನಮ್ಮ ಮಾರಾಟ ವಿಭಾಗದವರು ಎಂದೂ ತಲೆಗೆ ಹಾಕಿಕೊಂಡವರಲ್ಲ. ಇದನ್ನೆಲ್ಲ ವಿವರಿಸಿ, ಡ್ರಮ್ ಲೆಕ್ಕವನ್ನು ನಾನೇ ಇಡುತ್ತೇನೆ, ನನ್ನ ಸಹಿಯಿಲ್ಲದೆ ಯುರೋಪಿಗೆ ಈ ಮಾಲು ಹೋಗಕೂಡದು ಎಂದೆ. ಅವರು ಒಪ್ಪಿದರು, ಬಹುಶಃ ಆ ಗಳಿಗೆಯಲ್ಲಿ ಏನು ಕೇಳಿದ್ದರೂ ಒಪ್ಪುತ್ತಿದ್ದರು.

ರಾತ್ರಿ ಎಂಟೂವರೆಯವರೆಗೆ ಕುಳಿತು ರೆಫರೆನ್ಸ್ ಸಬ್‌ಸ್ಟೆನ್ಸನ್ನು ಬದಲಿಸಿದೆ, ಸಂಯೋಜನೆಯನ್ನು ನಿರ್ಜಲ ಆಧಾರದಲ್ಲಿ ಬರೆದು ಆ ಮಾತನ್ನು ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಹೇಳಿದೆ, ಹೈಡ್ರೇಟಿನ ವಿವರವನ್ನೂ ಸೇರಿಸಿದೆ, ಟಿಜಿಎ ನಕ್ಷೆಯನ್ನು ಲಗತ್ತಿಸಿದೆ, ಪ್ರಮಾಣವನ್ನು ತಿದ್ದಿದೆ. ವ್ಯಾಲಿಡೇಶನ್ ಓಡಿಸಿದಾಗ ಬೆಳಿಗ್ಗೆ ಬಂದಿದ್ದ ಫಲಿತಾಂಶವೇ ಅಕ್ಷರಶಃ ಮತ್ತೆ ಬಂದಿತು: ದೋಷಗಳಿಲ್ಲ.

ಡಿಸೆಂಬರಿನಲ್ಲಿ ಮಾರಾಟ ವಿಭಾಗದಿಂದ ಫೋನ್ ಬಂದಿತು. ಹ್ಯಾಂಬರ್ಗಿನ ಗ್ರಾಹಕರಿಗೆ ತುರ್ತಾಗಿ ಇನ್ನೂ ಇಪ್ಪತ್ತು ಡ್ರಮ್ ಬೇಕಂತೆ. ನನ್ನ ಲೆಕ್ಕದ ಹಾಳೆಯಲ್ಲಿ ಹದಿನೈದಕ್ಕೆ ಜಾಗವಿತ್ತು. ಆದರೆ ಪ್ರಮಾಣ ಲೆಕ್ಕಕ್ಕೆ ಬರುವುದು ನಮ್ಮ ಗೇಟಿನಿಂದ ಲಾರಿ ಹೊರಟ ದಿನವಲ್ಲ, ಮಾಲು ಯುರೋಪಿನ ಕಸ್ಟಮ್ಸ್ ಗಡಿಯೊಳಗೆ ಕಾಲಿಟ್ಟ ದಿನ. ಯಾವ ಹಡಗು, ಎಂದು ಮುಟ್ಟುತ್ತದೆ ಎಂದು ಕೇಳಿದೆ. ಜನವರಿ ಎರಡನೆಯ ವಾರವೆಂದರು. ಸಹಿ ಹಾಕಿ, ಇಪ್ಪತ್ತು ಡ್ರಮ್ಮುಗಳನ್ನು ಹೊಸ ವರ್ಷದ ಹಾಳೆಯ ಮೊದಲ ಸಾಲಿನಲ್ಲಿ ಬರೆದುಕೊಂಡೆ.