ಒಗ್ಗರಣೆ ಸಿಡಿಯುವ ಗೋಡೆಗೆ ಯಾವ ಟೈಲ್?

ಅಕ್ಕನ ಅಡುಗೆ ಮನೆಯಿಂದಲೇ ಶುರು ಮಾಡುತ್ತೇನೆ, ನನ್ನ ತಲೆ ಕೆಟ್ಟಿದ್ದು ಅಲ್ಲಿಂದ. ಎರಡು ವರ್ಷದ ಹಿಂದೆ ಅವಳು ಹೊಸ ಮನೆಯಲ್ಲಿ ಒಲೆ ಹಿಂದಿನ ಗೋಡೆಗೆ ಅಚ್ಚ ಬಿಳಿ ಟೈಲ್ ಹಾಕಿಸಿದಳು. ಇಟ್ಟಿಗೆ ಆಕಾರದ ಸಣ್ಣ ಸಣ್ಣ ಟೈಲ್, ಸಂದಿಗೆ ಬಿಳಿ ಸಿಮೆಂಟು. ಗೃಹಪ್ರವೇಶಕ್ಕೆ ಬಂದವರೆಲ್ಲ ಫೋಟೋ ತೆಗೆದುಕೊಂಡು ಹೋದರು. ಮೂರನೇ ವಾರಕ್ಕೆ ಒಲೆಯ ಹಿಂದೆ ಸಂದಿಗಳು ಕೆಂಪಾದವು. ಹಳದಿ ಅಲ್ಲ, ಕೆಂಪು. ಅಕ್ಕ ಮೇಸ್ತ್ರಿಗೆ ಫೋನ್ ಮಾಡಿ, ಎಂಥ ಕಲಬೆರಕೆ ಸಿಮೆಂಟ್ ಹಾಕಿದ್ರಿ ಅಂತ ಜಗಳಕ್ಕೇ ನಿಂತಳು. ಅಮ್ಮ ಮಾತ್ರ ಹತ್ತಿರ ಹೋಗಿ, ಬೆರಳಲ್ಲಿ ಉಜ್ಜಿ ನೋಡಿ ನಕ್ಕಳು.

"ಆರತಿ ನೀರಿಗೆ ಏನೇ ಹಾಕ್ತೀವಿ? ಅರಿಶಿನ, ಸುಣ್ಣ. ಸಿಮೆಂಟಲ್ಲಿ ಇರೋದೂ ಸುಣ್ಣಾನೇ ಅಲ್ವಾ? ನಿನ್ನ ಗೋಡೆ ದಿನಾ ಆರತಿ ಎತ್ತಿಸ್ಕೊಳ್ತಿದೆ ಬಿಡು."

ಅಮ್ಮ ಕೆಮಿಸ್ಟ್ರಿ ಓದಿದವಳಲ್ಲ. ಆದರೆ ಹೇಳಿದ್ದು ನೂರಕ್ಕೆ ನೂರು ನಿಜ. ಅರಿಶಿನದ ಬಣ್ಣ ಕರ್ಕ್ಯುಮಿನ್ ಅನ್ನುವ ವಸ್ತುವಿನದು. ಅದಕ್ಕೆ ಸುಣ್ಣ, ಸೋಪು, ಸಿಮೆಂಟು ಅಂಥ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಪಾಪ, ಅಕ್ಕ ಸೋಪು ಹಾಕಿ ಹಾಕಿ ಉಜ್ಜಿದಷ್ಟೂ ಇನ್ನಷ್ಟು ಕೆಂಪಾಗಿತ್ತು. ಇದರ ಕಲೆಗೆ ಮದ್ದು ಬಿಸಿಲು. ಪಂಚೆಯ ಮೇಲೆ ಸಾರು ಚೆಲ್ಲಿದ ಕಲೆ ಎರಡು ದಿನ ಬಿಸಿಲಿಗೆ ಹಾಕಿದರೆ ಮಾಸಿ ಹೋಗುತ್ತದೆ. ಗೋಡೆಯನ್ನು ತೆಗೆದುಕೊಂಡು ಹೋಗಿ ತಂತಿ ಮೇಲೆ ಒಣಗಿ ಹಾಕೋಕ್ಕಾಗುತ್ತಾ?

ಹಾಗಾಗಿ ಈ ವರ್ಷ ನಮ್ಮ ಸರದಿ ಬಂದಾಗ ನಾನು ಟೈಲ್ ನೋಡುವ ಮೊದಲು ಸಂದಿ ನೋಡಲು ಶುರು ಮಾಡಿದೆ.

ನಮ್ಮದು ಬೆಂಗಳೂರಿನಲ್ಲಿ ಹದಿನೈದು ವರ್ಷ ಹಳೆಯ ಫ್ಲಾಟು. ಬಿಲ್ಡರ್ ಹಾಕಿಕೊಟ್ಟ ಡ್ಯಾಡೋ, ಅಂದರೆ ಕಟ್ಟೆ ಮೇಲಿನ ಗೋಡೆಯ ಟೈಲು, ಹೇಗಿತ್ತು ಅಂತ ನಾನು ಹೇಳಬೇಕಿಲ್ಲ, ನಿಮ್ಮ ಮನೆಯಲ್ಲೂ ಅದೇ ಇರುತ್ತದೆ. 12 ಇಂಚು 18 ಇಂಚಿನ ಫಳಫಳ ಟೈಲ್, ಅದರ ಮೇಲೆ ಕಂದು ಬಣ್ಣದ ಅಲೆ, ನಡುನಡುವೆ ಹೈಲೈಟರ್ ಅಂತ ಒಂದೊಂದು ಟೈಲಿನಲ್ಲಿ ಹೊಗೆಯಾಡುವ ಕಾಫಿ ಕಪ್ಪು ಮತ್ತು ದ್ರಾಕ್ಷಿ ಗೊಂಚಲು. ಕಾಫಿಗೂ ದ್ರಾಕ್ಷಿಗೂ ಏನು ಸಂಬಂಧ ಅಂತ ಇಷ್ಟು ವರ್ಷ ಪಾತ್ರೆ ತೊಳೆಯುತ್ತಾ ಯೋಚಿಸಿದ್ದೇನೆ.

ಕಟ್ಟೆ ಬದಲಾಯಿಸುವಷ್ಟು ದುಡ್ಡು ಇರಲಿಲ್ಲ, ಮನಸ್ಸೂ ಇರಲಿಲ್ಲ. ಅದು ಟ್ಯಾನ್ ಬ್ರೌನ್ ಗ್ರಾನೈಟ್. ಕಂದು ನೆಲದ ಮೇಲೆ ಕೆಂಪು, ಕಪ್ಪು ಕಾಳುಗಳು. ನೆಲದ ಟೈಲು ಐವರಿ. ಅದೂ ಹಾಗೇ ಇರಬೇಕು. ಕಪಾಟಿನ ಬಾಗಿಲುಗಳಿಗೆ ಮಾತ್ರ ಹೊಸ ಸನ್‌ಮೈಕಾ, ಹಾಲು ಜಾಸ್ತಿಯಾದ ಕಾಫಿಯ ಬಣ್ಣ. ಮಿಕ್ಕ ಗೋಡೆಗೆ ಕೋರಾ ಬಟ್ಟೆಯಂಥ ಪೇಂಟು. ಎಲ್ಲವೂ ಬೆಚ್ಚಗಿನ ಬಣ್ಣ, ಯಾವುದೂ ಕಿರುಚುವುದಿಲ್ಲ. ಇಂಥ ಕಡೆ ಟೈಲ್ ಆರಿಸುವುದು ಸುಲಭ ಅಂದುಕೊಂಡಿದ್ದೆ. ಉಲ್ಟಾ. ಕೆಂಪು ಗೋಡೆ ಪಕ್ಕ ಯಾವ ಕ್ರೀಮ್ ಇಟ್ಟರೂ ನಡೆಯುತ್ತದೆ, ಆದರೆ ಕ್ರೀಮ್ ಪಕ್ಕ ಇನ್ನೊಂದು ಕ್ರೀಮ್ ಇಟ್ಟರೆ ಎರಡರಲ್ಲಿ ಒಂದು ಕೊಳಕಾಗಿ ಕಾಣುತ್ತದೆ.

ಟೈಲ್ ಅಂಗಡಿಗಳಿರುವ ಸಿದ್ಧಯ್ಯ ರಸ್ತೆಗೆ ಹೋದೆವು. ಮೊದಲ ಅಂಗಡಿಯಲ್ಲೇ ನನಗೆ ಒಂದು ಟೈಲ್ ಇಷ್ಟವಾಗಿ ಬಿಟ್ಟಿತು, ಹಾಲಿನ ಕೆನೆಯ ಹಾಗೆ ಇತ್ತು. ಅಡ್ವಾನ್ಸ್ ಕೊಡಲು ಪರ್ಸ್ ತೆಗೆದಿದ್ದೆ. ಅಷ್ಟರಲ್ಲಿ ನಮ್ಮವರು ಅದನ್ನು ಎತ್ತಿಕೊಂಡು ಅಂಗಡಿಯ ಹೊರಗೆ ಫುಟ್‌ಪಾತಿಗೆ ನಡೆದರು. ಬಿಸಿಲಲ್ಲಿ ನೋಡಿದರೆ ಕೆನೆ ಎಲ್ಲಿ, ತಿಳಿ ಗುಲಾಬಿ! ಅಂಗಡಿಗಳಲ್ಲಿ ಹಾಕುವ ಲೈಟು ಹೆಚ್ಚಾಗಿ 6500 ಕೆಲ್ವಿನ್‌ನ ಬಿಳಿ ಬೆಳಕು (ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ). ಅದರಲ್ಲಿ ಸ್ವಲ್ಪ ನೀಲಿ ಜಾಸ್ತಿ ಇರುತ್ತದೆ. ನಮ್ಮ ಅಡುಗೆ ಮನೆಯಲ್ಲಿ ಕಪಾಟಿನ ಕೆಳಗೆ ಹಾಕಿಸಿದ್ದು 3000 ಕೆಲ್ವಿನ್‌ನ ವಾರ್ಮ್ ವೈಟ್, ದೀಪದ ಹಳದಿಯ ಕಡೆಗಿನದು. ಅಂಗಡಿಯಲ್ಲಿ ಕೆನೆ ಬಣ್ಣ ಕಂಡ ಟೈಲು ಆ ದೀಪದ ಕೆಳಗೆ ಇನ್ನೊಂದೇ ಮುಖ ತೋರಿಸುತ್ತದೆ. ನಾನು ಮಾಡಿದ ಮೊದಲ ಕಾನೂನು ಇದು: ಅಂಗಡಿಯಲ್ಲಿ ಏನನ್ನೂ ಇಷ್ಟಪಡಕೂಡದು. ಒಂದೊಂದು ಟೈಲ್ ಸ್ಯಾಂಪಲ್ ಕೇಳಿ ತಗೊಂಡು ಬರೋದು, ಕೊಡದಿದ್ದರೆ ಒಂದು ಪೀಸಿನ ದುಡ್ಡು ಕೊಟ್ಟು ತರೋದು.

ಮನೆಗೆ ಏಳು ಸ್ಯಾಂಪಲ್ ಬಂದವು. ಅವನ್ನು ಕಟ್ಟೆಯ ಮೇಲೆ ಮಲಗಿಸಬೇಡಿ, ಗೋಡೆಗೆ ಒರಗಿಸಿ ನಿಲ್ಲಿಸಿ. ಮಲಗಿದ ಟೈಲಿಗೆ ಬೆಳಕು ಬೀಳುವ ರೀತಿಯೇ ಬೇರೆ. ಇನ್ನೊಂದು ಸಣ್ಣ ಉಪಾಯ ಹೇಳುತ್ತೇನೆ, ಖರ್ಚಿಲ್ಲದ್ದು. ಒಂದು ಬಿಳಿ ಹಾಳೆ, ಪ್ರಿಂಟರಿಗೆ ಹಾಕುವ ಮಾಮೂಲಿ ಹಾಳೆ, ಟೈಲ್ ಪಕ್ಕ ಇಡಿ. ತಕ್ಷಣ ಅದರ ಒಳಬಣ್ಣ ಹೊರಗೆ ಬರುತ್ತದೆ. ಒಂದು ರವೆಯ ಹಾಗೆ ಹಳದಿಗೆ ವಾಲುತ್ತದೆ, ಒಂದು ಕೆಂಪಕ್ಕಿ ಅನ್ನದ ಹಾಗೆ ಗುಲಾಬಿಗೆ, ಒಂದು ನೆನೆಸಿದ ಹೆಸರುಕಾಳು ನೀರಿನ ಹಾಗೆ ಹಸಿರಿಗೆ. ನಮ್ಮ ಗ್ರಾನೈಟಿನ ಕಾಳುಗಳು ಕೆಂಪಿನವು. ಹಸಿರಿಗೆ ವಾಲುವ ಟೈಲುಗಳು ಅದರ ಪಕ್ಕ ಜ್ವರ ಬಂದವರ ಹಾಗೆ ಕಂಡವು. ಮೂರು ಅಲ್ಲೇ ಹೊರಗೆ.

ಉಳಿದ ನಾಲ್ಕು ನಾಲ್ಕು ದಿನ ಗೋಡೆಗೆ ಒರಗಿ ನಿಂತಿದ್ದವು. ನಮ್ಮ ಕಿಟಕಿ ಪಶ್ಚಿಮಕ್ಕಿದೆ. ಬೆಳಗ್ಗೆ ಮಂಕು, ಸಂಜೆ ನಾಲ್ಕಕ್ಕೆ ಬಿಸಿಲು ನೇರ ಒಲೆ ಮೇಲೆ. ಬೆಳಗ್ಗೆ ಚೆನ್ನಾಗಿದ್ದ ಒಂದು ಟೈಲ್ ಸಂಜೆ ಹಳೇ ಪೇಪರಿನ ಬಣ್ಣಕ್ಕೆ ತಿರುಗಿತು. ನಮ್ಮವರು ಮೂರನೇ ದಿನ ಕಾಫಿ ಲೋಟ ಹಿಡಿದುಕೊಂಡು ಬಂದು, "ಎಲ್ಲಾ ಒಂದೇ ಥರ ಇದ್ಯಲ್ಲೇ, ಏನು ನೋಡ್ತಿದೀಯ ಅಷ್ಟು ಹೊತ್ತು?" ಅಂದರು. ಫುಟ್‌ಪಾತಿನ ಉಪಕಾರ ನೆನೆದು ಸುಮ್ಮನಿದ್ದೆ.

ಆಸೆಗಳು ಏನಿರಲಿಲ್ಲ ಅಂತಲ್ಲ. ಚೆಟ್ಟಿನಾಡಿನ ಆತ್ತಂಗುಡಿ ಟೈಲ್ ಅಂದರೆ ನನಗೆ ಪ್ರಾಣ. ಗಾಜಿನ ಮೇಲೆ ಬಣ್ಣ ಹೊಯ್ದು ಕೈಯಲ್ಲೇ ಮಾಡುವುದು. ಆದರೆ ಅದು ಸಿಮೆಂಟಿನದು. ಎಣ್ಣೆ ಕುಡಿಯುತ್ತದೆ, ಅರಿಶಿನವನ್ನಂತೂ ಬಿಡುವುದೇ ಇಲ್ಲ. ನೆಲಕ್ಕೆ ಸರಿ, ಒಲೆಯ ಹಿಂದೆ ಬೇಡ. ಮಾರ್ಬಲ್ಲೂ ಅಷ್ಟೇ, ಹುಣಸೆ ರಸದ ಎರಡು ಹನಿ ಸಿಡಿದರೆ ಹೊಳಪು ಹೋಗಿ ಮಚ್ಚೆ ಬೀಳುತ್ತದೆ. ಸಾರು ಮಾಡದ ಮನೆಯವರು ಹಾಕಿಸಿಕೊಳ್ಳಲಿ. ಮೊರಾಕ್ಕೋದ ಜೆಲ್ಲಿಜ್ ಅಂತ ಇದೆ, ಒಂದು ಟೈಲಿನ ಹಾಗೆ ಇನ್ನೊಂದಿಲ್ಲ, ಕೈಯಲ್ಲಿ ಕತ್ತರಿಸಿದ ಅಂಚು, ಬೆಳಕು ಅದರ ಮೇಲೆ ಕೆರೆಯ ನೀರಿನ ಹಾಗೆ ಆಡುತ್ತದೆ, ಬೆಲೆ ಕೇಳಿ ನಾವು ನಮಸ್ಕಾರ ಹೇಳಿ ಬಂದೆವು. ಅದೇ ಥರ ಕಾಣುವ ಸೆರಾಮಿಕ್ ಟೈಲು ಗುಜರಾತಿನ ಮೊರ್ಬಿಯಿಂದ ಬರುತ್ತದೆ. ನಮ್ಮ ದೇಶದ ಹೆಚ್ಚಿನ ಟೈಲುಗಳು ಬರುವುದೂ ಅಲ್ಲಿಂದಲೇ. ಮೈ ಸ್ವಲ್ಪ ಏರುಪೇರು, ಮೇಲೆ ಹೊಳಪಿನ ಗ್ಲೇಜ್. ನಾವು ಕೊನೆಗೆ ತಂದಿದ್ದು ಅದನ್ನೇ, 3 ಇಂಚು 6 ಇಂಚಿನದು, ಮಜ್ಜಿಗೆ ಬಣ್ಣ.

ಈ ಅಳತೆಗೆ ಸಬ್‌ವೇ ಟೈಲ್ ಅಂತ ಹೆಸರು. 1904ರಲ್ಲಿ ನ್ಯೂಯಾರ್ಕಿನ ನೆಲದಡಿ ರೈಲು ಶುರುವಾದಾಗ ಸ್ಟೇಷನ್ ಗೋಡೆಗಳಿಗೆ ಇಂಥ ಬಿಳಿ ಟೈಲ್ ಹಾಕಿದ್ದರು, ಸುಲಭವಾಗಿ ತೊಳೆಯಲಿ, ಬೆಳಕು ಹರಡಲಿ ಅಂತ. ಅಲ್ಲಿ ಸಾಸಿವೆ ಸಿಡಿಯುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಹೊಳಪಿಲ್ಲದ ಮ್ಯಾಟ್ ಟೈಲ್ ಯಾಕೆ ಬೇಡ ಅಂದೆ ಅಂತ ಕೆಲವರು ಕೇಳಿದರು. ಫೋಟೋದಲ್ಲಿ ಮ್ಯಾಟ್ ಬಲು ಚೆಂದ, ನಿಜ. ನಾನು ಮಾಡಿದ ಪರೀಕ್ಷೆ ಕೇಳಿ. ಒಂದು ಮ್ಯಾಟ್, ಒಂದು ಹೊಳಪಿನ ಸ್ಯಾಂಪಲ್ ಎರಡಕ್ಕೂ ಒಂದೊಂದು ಚಮಚ ಸಾಂಬಾರಿನ ಒಗ್ಗರಣೆ ಸುರಿದು ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಒಂದೇ ಸಲ ಒರೆಸಿದೆ. ಹೊಳಪಿನದು ಕನ್ನಡಿ. ಮ್ಯಾಟ್ ಮೇಲೆ ಜಿಡ್ಡಿನ ನೆರಳು ಉಳಿಯಿತು, ಹಸ್ತ ಇಟ್ಟರೆ ಗುರುತು ಮೂಡುತ್ತಿತ್ತು. ವಾರಕ್ಕೊಮ್ಮೆ ಗೋಡೆ ಉಜ್ಜುವ ಜಾಣೆ ನಾನಲ್ಲ.

ಈಗ ಸಂದಿಯ ವಿಷಯ. ಸಣ್ಣ ಟೈಲ್ ಅಂದರೆ ಸಂದಿ ಜಾಸ್ತಿ, ಸಂದಿ ಜಾಸ್ತಿ ಅಂದರೆ ಅಕ್ಕನ ಮನೆ ಕಥೆ. ಹಾಗಾಗಿ ಸಂದಿ ತುಂಬುವ ಗ್ರೌಟ್ ಸಿಮೆಂಟಿನದಲ್ಲ, ಎಪಾಕ್ಸಿಯದು. ಸಿಮೆಂಟ್ ಗ್ರೌಟಿಗೆ ಹೋಲಿಸಿದರೆ ಖರ್ಚು ಮೂರು ನಾಲ್ಕು ಪಟ್ಟು, ಅದನ್ನು ಹಾಕುವವರ ಕೂಲಿಯೂ ಬೇರೆ. ಆದರೆ ಇದು ರಾಳ ಮತ್ತು ಹಾರ್ಡನರ್ ಕಲಸಿ ಮಾಡುವುದು. ಸಿಮೆಂಟಿನ ಹಾಗೆ ನೀರು, ಎಣ್ಣೆ ಹೀರುವುದಿಲ್ಲ. ಸುಣ್ಣವೇ ಇಲ್ಲ ಅಂದಮೇಲೆ ಆರತಿಯೂ ಇಲ್ಲ. ಹಳೇ ಸಿಮೆಂಟ್ ಸಂದಿಯ ಕಲೆಗೆ ಎಷ್ಟೋ ಜನ ಆಸಿಡ್ ಹಾಕಿ ಉಜ್ಜುತ್ತಾರೆ. ದಯವಿಟ್ಟು ಮಾಡಬೇಡಿ, ಕಲೆಯ ಜೊತೆ ಸಿಮೆಂಟೂ ಕರಗಿ ಹೋಗುತ್ತದೆ.

ಬಣ್ಣ ಯಾವುದು ಅಂತ ಎರಡು ದಿನ ಚರ್ಚೆ. ಟೈಲಿನದೇ ಬಣ್ಣ ಹಾಕಿದರೆ ಗೋಡೆ ಒಂದೇ ಹಾಳೆಯ ಹಾಗೆ ಕಾಣುತ್ತದೆ, ಏರುಪೇರಿನ ಮೈಯೇ ಕಾಣದು. ಕಡು ಕಂದು ಹಾಕಿದರೆ ಲೆಕ್ಕದ ಪುಸ್ತಕದ ಚೌಕಗಳು. ಅಚ್ಚ ಬಿಳಿ ಎಪಾಕ್ಸಿ ಬಿಸಿಲಿಗೆ ನಿಧಾನಕ್ಕೆ ಹಳದಿ ತಿರುಗುತ್ತದೆ, ನಮ್ಮದೋ ಪಶ್ಚಿಮದ ಕಿಟಕಿ. ಕೊನೆಗೆ ಟೈಲಿಗಿಂತ ಒಂದು ಛಾಯೆ ಗಾಢ, ಹುರಿದ ರವೆಯ ಬಣ್ಣ ಹಾಕಿಸಿದೆ. ನಿಜ ಹೇಳಬೇಕೆಂದರೆ ಟೈಲಿಗಿಂತ ಈ ಸಂದಿಯ ಬಣ್ಣವೇ ಗೋಡೆಯನ್ನು ಬೆಚ್ಚಗೆ ಮಾಡಿದ್ದು. ಗ್ರಾನೈಟಿನ ಕಂದು ಹಾಗೇ ಮೇಲಕ್ಕೆ ಹತ್ತಿದ ಹಾಗೆ ಕಾಣುತ್ತದೆ.

ಲೆಕ್ಕ ಬೇಕಾದವರಿಗೆ: ಎಲ್ ಆಕಾರದ ಕಟ್ಟೆ, 10 ಅಡಿ ಮತ್ತು 6 ಅಡಿ, ಕಪಾಟಿನವರೆಗೆ ಎತ್ತರ 2 ಅಡಿ. ಒಟ್ಟು 32 ಚದರಡಿ. ಕಿಟಕಿಗೆ 4 ಕಳೆದರೆ 28. ಈ ಅಳತೆಯಲ್ಲಿ ಚದರಡಿಗೆ 8 ಟೈಲ್, ಅಂದರೆ 224. ಒಡೆಯೋದು, ಕತ್ತರಿಸೋದು ಅಂತ ಶೇಕಡಾ 10 ಸೇರಿಸಿದರೆ ಸುಮಾರು 246. ಬಾಕ್ಸಿಗೆ 44 ಇದ್ದವು, 6 ಬಾಕ್ಸ್ ತಂದೆವು. ಬಾಕ್ಸಿನ ಮೇಲಿನ ಬ್ಯಾಚ್ ನಂಬರ್ ಎಲ್ಲದರಲ್ಲೂ ಒಂದೇ ಇದೆಯಾ ಅಂತ ಅಂಗಡಿಯಲ್ಲೇ ನೋಡಿಕೊಳ್ಳಿ. ಬ್ಯಾಚ್ ಬೇರೆಯಾದರೆ ಬಣ್ಣವೂ ಸ್ವಲ್ಪ ಬೇರೆ, ಕ್ರೀಮ್ ಬಣ್ಣದಲ್ಲಿ ಅದು ಎದ್ದು ಕಾಣುತ್ತದೆ.

ಮೇಸ್ತ್ರಿ ರಾಯಚೂರು ಕಡೆಯವರು, ಮಾತು ಕಡಿಮೆ. ಬಂದವರೇ ಟೇಪು ಹಿಡಿದು ಅಳೆದು, "ಅಕ್ಕಾರ, ಎಂಟು ಸಾಲು ಕೂಡಂಗಿಲ್ರಿ, ಸಂದಿ ಸೇರಿದ್ರ ಅರ್ಧ ಇಂಚು ಹೆಚ್ಗಿ ಆಗತೈತ್ರಿ" ಅಂದರು. ನಾನು ಕಾಗದದ ಮೇಲೆ ಹಾಕಿದ್ದ ಲೆಕ್ಕದಲ್ಲಿ 3 ಇಂಚು ಎಂಟಲಿ 24 ಇಂಚು ಅಂತ ಸರಿಯಾಗೇ ಇತ್ತು. 2 ಮಿಲಿಮೀಟರಿನ ಸಂದಿಯನ್ನು ಮರೆತಿದ್ದೆ! ಅವರು ಮೇಲಿನ ಸಾಲನ್ನು ಸ್ವಲ್ಪ ಕತ್ತರಿಸಿ ಕಪಾಟಿನ ಅಡಿಗೆ ಮರೆ ಮಾಡಿದರು. ಒಲೆಯ ನಡುವಿನಿಂದ ಗುರುತು ಹಾಕಿ ಎರಡೂ ಕಡೆಗೆ ಹೋದರು, ಕಣ್ಣು ಬೀಳುವ ಜಾಗದಲ್ಲಿ ಇಡೀ ಟೈಲ್ ಬರಲಿ ಅಂತ. ಮಿಕ್ಸಿಯ ಸ್ವಿಚ್ ಬೋರ್ಡು ಇನ್ನೂ ಅರ್ಧ ಇಂಚು ಮೇಲಿದ್ದಿದ್ದರೆ ಸರಿಯಾಗಿ ಸಂದಿಗೆ ಕೂರುತ್ತಿತ್ತು. ಅದನ್ನು ಗೋಡೆ ಒಡೆದಾಗಲೇ ಯೋಚಿಸಬೇಕಿತ್ತು, ಯೋಚಿಸಲಿಲ್ಲ.

ಎಪಾಕ್ಸಿ ತುಂಬುವ ದಿನ ಅವರ ಪಕ್ಕದಲ್ಲೇ ನಿಂತಿದ್ದೆ. ಕಲಸಿದ ಮೇಲೆ ಅದು ಯಾರಿಗೂ ಕಾಯುವುದಿಲ್ಲ, ಬೇಗ ಗಟ್ಟಿಯಾಗುತ್ತದೆ. ಸ್ವಲ್ಪ ಸ್ವಲ್ಪವೇ ಕಲಸಬೇಕು, ತುಂಬಿದ ಹಾಗೇ ಸ್ಪಂಜಿನಲ್ಲಿ ಒರೆಸುತ್ತಾ ಹೋಗಬೇಕು. ಬಿಟ್ಟರೆ ಟೈಲಿನ ಮೇಲೆ ಮಂಜಿನಂಥ ಪದರ ಉಳಿಯುತ್ತದೆ. ಹುಡುಗ ಊಟಕ್ಕೆ ಹೋದ ಹತ್ತು ನಿಮಿಷದಲ್ಲಿ ಸಿಂಕಿನ ಮೇಲೆ ಒಂದು ಕಡೆ ಹಾಗೆ ಉಳಿದೇ ಬಿಟ್ಟಿತು. ಸಂಜೆ ಬಿಸಿಲು ಬಿದ್ದಾಗ ಮಾತ್ರ ಕಾಣುತ್ತದೆ, ಅದೂ ನನಗೆ ಮಾತ್ರ.

ಮೂರು ತಿಂಗಳಾಯಿತು. ಒಲೆ ಹಿಂದೆ ಸಂದಿ ಇನ್ನೂ ಹುರಿದ ರವೆಯೇ. ಅಮ್ಮ ಬಂದಾಗ ಏನೂ ಹೇಳದೆ ಒಂದು ಚಿಟಿಕೆ ಅರಿಶಿನ ಎಣ್ಣೆಯಲ್ಲಿ ಕಲಸಿ ಗೋಡೆಯ ಮೂಲೆಗೆ ಹಚ್ಚಿ, ಬೆಳಗ್ಗೆ ಒರೆಸಿ ನೋಡಿದಳು. ಹೋಯಿತು. "ಪರವಾಗಿಲ್ವೇ" ಅಂದಳು. ಆಮೇಲೆ ಕಿಟಕಿ ಪಕ್ಕದ ಸಾಲಿನಲ್ಲಿ ಒಂದೂವರೆ ಇಂಚಿನ ತುಂಡು ಟೈಲುಗಳು ಒಂದರ ಮೇಲೊಂದು ಕೂತಿರುವುದನ್ನು ಎರಡೇ ನಿಮಿಷದಲ್ಲಿ ಕಂಡುಹಿಡಿದಳು. ನಾನು ಎಣ್ಣೆ ಡಬ್ಬಿಯನ್ನು ಅದರ ಮುಂದಕ್ಕೆ ಸರಿಸಿದೆ. ಅಲ್ಲೇ ಇದೆ ಈಗಲೂ.