ಆಚೆಯ ತಿರುವಿನಲ್ಲಿ ನಿಲ್ಲುತ್ತಿದ್ದವರು

ನಮ್ಮ ದೈಹಿಕ ಶಿಕ್ಷಕರು ತೀರಿಕೊಂಡ ಸುದ್ದಿ ತಿಳಿದ ದಿನ ಹಳೆಯ ಗೆಳೆಯರೆಲ್ಲ ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡೆವು. ಅವರ ಕಾಲದಲ್ಲಿ ಶಾಲೆ ಗೆದ್ದ ಕಪ್ಪುಗಳ ಮಾತನ್ನು ಯಾರೂ ಎತ್ತಲಿಲ್ಲ. ಎಲ್ಲರ ಬಾಯಲ್ಲೂ ಬಂದದ್ದು ಒಂದೇ ಓಟ. ಹತ್ತನೆಯ ತರಗತಿಯಲ್ಲಿದ್ದಾಗ, ರಕ್ತದ ಕ್ಯಾನ್ಸರಿಗೆ ತುತ್ತಾಗಿದ್ದ ನಮ್ಮ ಸಹಪಾಠಿಯ ಚಿಕಿತ್ಸೆಗಾಗಿ ನಾವು ಓಡಿದ ಓಟ. ಆ ವರ್ಷದ ಪಾಠಗಳಲ್ಲಿ ನೆನಪಿನಲ್ಲಿ ಉಳಿದದ್ದು ಕಡಿಮೆ. ಮೈದಾನಕ್ಕೆ ಎಳೆದಿದ್ದ ಸುಣ್ಣದ ಗೆರೆಗಳು ಮಾತ್ರ ಇನ್ನೂ ಕಣ್ಣಿಗೆ ಕಟ್ಟಿದಂತಿವೆ.

ಓಡಿ ಹಣ ಕೂಡಿಸೋಣ, ಅವಳ ಭಾವಚಿತ್ರದ ದೊಡ್ಡ ಫಲಕ ಹಾಕೋಣ ಎಂದು ಹುರುಪಿನಿಂದ ಅವರ ಬಳಿಗೆ ಹೋದಾಗ ಅವರು ಹೇಳಿದ್ದು ಒಂದೇ ಮಾತು: "ಮೊದಲು ಅವಳನ್ನು ಕೇಳಿಕೊಂಡು ಬನ್ನಿ." ಅವಳಿಂದ ಬಂದ ಉತ್ತರವೂ ಖಡಾಖಂಡಿತವಾಗಿತ್ತು. ಚಿತ್ರ ಬೇಡ, ಹೆಸರು ಬೇಡ, ಲೆಕ್ಕದ ಪುಸ್ತಕ ಮಾತ್ರ ತನ್ನ ಕೈಯಲ್ಲಿರಬೇಕು. ಚಿಕಿತ್ಸೆಯಿಂದ ಬಿಳಿ ರಕ್ತಕಣಗಳು ತೀರ ಕುಸಿದಿದ್ದವು. ಗುಂಪಿನಲ್ಲಿ ಸೇರಿದರೆ ಸೋಂಕು ತಗಲುವ ಅಪಾಯವಿತ್ತು. ಹಾಗಾಗಿ ಮೈದಾನಕ್ಕೆ ಬರಲಾಗದವಳು ಮನೆಯಲ್ಲೇ ಕುಳಿತು ಪ್ರತಿಯೊಬ್ಬರ ಸುತ್ತುಗಳನ್ನೂ ಕೂಡುವುದು ಎಂದು ತೀರ್ಮಾನವಾಯಿತು.

ಅಭ್ಯಾಸದ ಸಂಜೆಗಳಲ್ಲಿ ಮೇಷ್ಟರು ಟೆರ‍್ರಿ ಫಾಕ್ಸ್‌ನ ಕಥೆ ಹೇಳುತ್ತಿದ್ದರು. ಮೂಳೆಯ ಕ್ಯಾನ್ಸರಿನಿಂದ 1977ರಲ್ಲಿ, ಹದಿನೆಂಟನೆಯ ವಯಸ್ಸಿಗೆ, ಬಲಗಾಲನ್ನು ಕಳೆದುಕೊಂಡ ಕೆನಡಾದ ಹುಡುಗ. ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲೆಂದು 1980ರ ಏಪ್ರಿಲ್ 12ರಂದು ಕೃತಕ ಕಾಲಿನಲ್ಲಿ ದೇಶದ ಪೂರ್ವ ಅಂಚಿನಿಂದ ಹೊರಟು, ದಿನಕ್ಕೆ ಒಂದು ಮ್ಯಾರಥಾನಿನಷ್ಟು ಓಡುತ್ತ, 143 ದಿನಗಳಲ್ಲಿ 5,373 ಕಿಲೋಮೀಟರ್ ಸಾಗಿದ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದ್ದರಿಂದ ಅಲ್ಲಿಗೇ ನಿಲ್ಲಿಸಬೇಕಾಯಿತು. ಮರುವರ್ಷ ಜೂನ್‌ನಲ್ಲಿ ತೀರಿಕೊಂಡಾಗ ಅವನಿಗೆ ಇಪ್ಪತ್ತೆರಡು. ಮೇಷ್ಟರು ಮತ್ತೆ ಮತ್ತೆ ಒತ್ತಿ ಹೇಳುತ್ತಿದ್ದುದು ಸಾವಿನ ಸಂಗತಿಯನ್ನಲ್ಲ, ಆರಂಭದ ವಾರಗಳನ್ನು. ಆಗ ಎಷ್ಟೋ ಊರುಗಳಲ್ಲಿ ಅವನನ್ನು ನೋಡಲು ಜನರೇ ಇರಲಿಲ್ಲ. ಜನಸಾಗರ ಸೇರಿದ್ದು ಬಹಳ ದೂರ ಬಂದ ಮೇಲೆ. ಅದಕ್ಕೇ ಇರಬೇಕು, ನಮ್ಮ ಓಟದ ದಿನ ಅವರು ಚಪ್ಪಾಳೆಯ ಗದ್ದಲವಿದ್ದ ಮುಕ್ತಾಯದ ಗೆರೆಯ ಬಳಿ ಸುಳಿಯಲೇ ಇಲ್ಲ. ಯಾರೂ ಇಲ್ಲದ ಆಚೆಯ ತಿರುವಿನಲ್ಲಿ ಬಿಸಿಲಿಗೆ ನಿಂತು, ಬರುತ್ತಿದ್ದ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೂಗುತ್ತಿದ್ದರು.

ಇನ್ನು ನಮ್ಮ ತುಂಟತನದ ಕಥೆ. ದಾನಿಗಳ ಹಾಳೆಯಲ್ಲಿ ಎರಡು ಕಲಂಗಳಿದ್ದವು: ಓಡಿದ ಒಂದೊಂದು ಸುತ್ತಿಗೆ ಕೊಡುವ ಹಣ ಎಷ್ಟು, ಒಟ್ಟು ಮಿತಿ ಎಷ್ಟು. ದಶಮಾಂಶ ಬಿಂದು ಜರುಗಿದರೂ ಬಿಡದ ನಮ್ಮ ಗಣಿತದ ಮೇಷ್ಟರನ್ನು, ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ಹಜಾರದಲ್ಲಿ ಅಡ್ಡಗಟ್ಟಿದೆವು. ಮಿತಿಯ ಕಲಂ ಖಾಲಿ ಇದ್ದ ಹಾಳೆಗೆ ಅವರ ಸಹಿ ಬಿತ್ತು. ಒಬ್ಬರದಲ್ಲ, ಇಡೀ ತರಗತಿಯ ಹಾಳೆಗಳಿಗೂ ಹೀಗೆಯೇ! ಓಟದ ದಿನ, ಎಂದೂ ಓಡದವರೂ ಅವರ ಲೆಕ್ಕದಲ್ಲಿ ಸುತ್ತುತ್ತಲೇ ಇದ್ದರು. ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಸುತ್ತು ಓಡಿದವನು ನಾನು ಎಂದು ಹೇಳಿಕೊಳ್ಳಲು ಇಂದಿಗೂ ನನಗೆ ಸಂತೋಷ.

ಗಣಿತದ ಮೇಷ್ಟರಿಗೆ ವಿಷಯ ಗೊತ್ತಾಯಿತು. ಮೈದಾನದ ಅಂಚಿಗೆ ಬಂದು ನಿಂತು ನೋಡಿದರು. ಬೈಗುಳ ಕಾಯುತ್ತಿದ್ದೆವು. ಅವರು ಸಣ್ಣ ಚೀಟಿಯಲ್ಲಿ ಏನೋ ಗೀಚಿ, ಸುತ್ತು ಎಣಿಸುತ್ತಿದ್ದವರ ಮುಂದೆ ಹಿಡಿದರು. ಪಥದ ಅಗಲ 1.22 ಮೀಟರ್. ಆದ್ದರಿಂದ ಒಂದು ಪಥ ಹೊರಗೆ ಸರಿದವನು ಸುತ್ತಿಗೆ ಏಳೂವರೆ ಮೀಟರಿಗಿಂತ ಹೆಚ್ಚು ಓಡುತ್ತಾನೆ. "ಹೊರಗಿನ ಪಥದ ಮಕ್ಕಳಿಗೆ ಅನ್ಯಾಯವಾಗುತ್ತಿದೆ, ಓಡಿದ ದೂರವೆಲ್ಲ ಲೆಕ್ಕಕ್ಕೆ ಬರಬೇಕು" ಎಂದು ವಾದಿಸಿದರು. ಆ ಹೆಚ್ಚುವರಿ ಹಣವೂ ಅವರ ಜೇಬಿನಿಂದಲೇ ಹೋಗಬೇಕಿತ್ತು! ಅವಳು ಕೂಡಿ ಕಳುಹಿಸಿದ ಮೊತ್ತವನ್ನು ಅವರು ಸಂಬಳದಲ್ಲಿ ತಿಂಗಳು ತಿಂಗಳು ತೀರಿಸಿದರು. ವೃತ್ತದ ಪರಿಧಿಯ ಸೂತ್ರ ನನಗೆ ಮರೆಯದಿರುವುದು ಆ ಚೀಟಿಯಿಂದ.

ಬಂದ ಹಣವನ್ನು ಒಂದೇ ಬಾರಿಗೆ ಕೊಟ್ಟುಬಿಡೋಣ ಎಂದು ಎಲ್ಲರೂ ಹೇಳಿದಾಗ ದೈಹಿಕ ಶಿಕ್ಷಕರು ಒಪ್ಪಲಿಲ್ಲ. ಅವಳಿಗಿದ್ದಂತಹ ಲ್ಯುಕೇಮಿಯಾದ, ಅಂದರೆ ರಕ್ತದ ಕ್ಯಾನ್ಸರಿನ, ಚಿಕಿತ್ಸೆ ಎರಡು-ಮೂರು ವರ್ಷ ನಡೆಯುತ್ತದೆ. ಮೊದಲ ತಿಂಗಳ ಕಠಿಣ ಹಂತ ಮುಗಿದು ರೋಗ ಹಿಮ್ಮೆಟ್ಟಿದಂತೆ ಕಂಡರೂ ಮಾತ್ರೆಗಳು, ರಕ್ತಪರೀಕ್ಷೆಗಳು, ಆಸ್ಪತ್ರೆಯ ಓಡಾಟ ನಿಲ್ಲುವುದಿಲ್ಲ. ಜತೆಗಿರುವ ತಂದೆಯೋ ತಾಯಿಯೋ ಕೆಲಸ ಬಿಟ್ಟಿರುತ್ತಾರೆ. ನೆರವು ಹರಿದು ಬರುವುದು ಮೊದಲ ಕೆಲವು ವಾರ ಮಾತ್ರ. ಇದೆಲ್ಲ ತಿಳಿದಿದ್ದ ಅವರು ಪ್ರಯಾಣಕ್ಕೆ, ವಸತಿಗೆ, ಔಷಧಕ್ಕೆ ಎಂದು ಹಣವನ್ನು ಹಂಚಿಟ್ಟರು. ಮರುವರ್ಷ, ನಾವು ಶಾಲೆ ಬಿಟ್ಟಿದ್ದರೂ ಕರೆಸಿ, ಮತ್ತೆ ಓಡಿಸಿದರು. ಜನ ಕಡಿಮೆಯಿದ್ದ ಆ ಎರಡನೆಯ ಓಟವನ್ನೇ ನಾನು ಹೆಚ್ಚು ದೊಡ್ಡದೆಂದು ಎಣಿಸುತ್ತೇನೆ.

ಅವರ ಬಳಿ ಉದ್ದನೆಯ ಹಾಜರಿ ಪುಸ್ತಕವೊಂದಿತ್ತು. ಅದರಲ್ಲಿ ಹದಿನೆಂಟು ತುಂಬಿದ ಹಳೆಯ ವಿದ್ಯಾರ್ಥಿಗಳ ಹೆಸರುಗಳು, ಎದುರಿಗೆ ಕೆಂಪು ಶಾಯಿಯಲ್ಲಿ ರಕ್ತದ ಗುಂಪು. ದಾನಿಯಿಂದ ಪಡೆದ, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್‌ಗಳು ಸಾಮಾನ್ಯವಾಗಿ ಐದು ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಮೊದಲೇ ಕೂಡಿಡಲು ಬರುವುದಿಲ್ಲವೆಂದು ಅವರು ಸರದಿಯ ಪ್ರಕಾರ ಫೋನ್ ಮಾಡಿ, ಬೇಕಾದ ದಿನಕ್ಕೆ ಒಬ್ಬೊಬ್ಬರನ್ನು ಕಳುಹಿಸುತ್ತಿದ್ದರು.

ಇಂದು ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ಹಣ ಸೇರುತ್ತದೆ, ಅದು ಒಳ್ಳೆಯದೇ. ಆದರೆ ನರಳುವ ಮಕ್ಕಳ ಮುಖವನ್ನು ಊರಿಗೆಲ್ಲ ತೋರಿಸಿ ಬೇಡುವುದನ್ನು ಕಂಡಾಗ ಮನಸ್ಸಿಗೆ ನೋವಾಗುತ್ತದೆ. ಆ ಮಗುವನ್ನು ಯಾರಾದರೂ ಕೇಳಿದ್ದಾರೆಯೇ? ಆಟದ ಅವಧಿಯನ್ನು ಪರೀಕ್ಷೆಯ ತಯಾರಿಗೆ ಬಿಟ್ಟುಕೊಡುವ ಶಾಲೆಗಳೂ ಹೆಚ್ಚುತ್ತಿವೆ. ನಮ್ಮ ಶಾಲೆ ಹಾಗಾಗದಿರಲಿ ಎಂದು ಹಳೆಯ ವಿದ್ಯಾರ್ಥಿಯ ಸಲುಗೆಯಿಂದ ಕೇಳಿಕೊಳ್ಳುತ್ತೇನೆ.

ಅವಳು ಗುಣಮುಖಳಾದಳು. ಈ ಬರಹವನ್ನು ಅಚ್ಚಿಗೆ ಕೊಡುವ ಮುನ್ನ ಮೊದಲು ಓದಿ ಒಪ್ಪಿಗೆ ಕೊಟ್ಟವಳೂ ಅವಳೇ. ಮೇಷ್ಟರ ಪಟ್ಟಿ ನಿಲ್ಲಬಾರದೆಂದು ನಾವಿಬ್ಬರೂ ಸೇರಿ ಹೊಸ ಪುಸ್ತಕ ತೆರೆದಿದ್ದೇವೆ. ಹದಿನೆಂಟು ತುಂಬಿದ ಹಳೆಯ ವಿದ್ಯಾರ್ಥಿಗಳು ತಮ್ಮ ಹೆಸರು, ರಕ್ತದ ಗುಂಪು, ಫೋನ್ ಸಂಖ್ಯೆಗಳನ್ನು ಶಾಲೆಯ ಕಚೇರಿಗೆ ಬರೆದು ತಿಳಿಸಿದರೆ, ಸರದಿ ಬಂದಾಗ ಕರೆ ಮಾಡುವ ಹೊಣೆ ನನ್ನದು.