ಐದು ಮಾರ್ಕಿಗೋ, ಹತ್ತಕ್ಕೋ?

ಧಾರವಾಡದ ಒಂದು ಬಿ.ಎಡ್. ಕಾಲೇಜು, ಈ ವಾರ ಬ್ರೆಜಿಲ್‌ನ ಶಿಕ್ಷಣ ಚಿಂತಕ ಪಾವ್ಲೋ ಫ್ರೇರೆ ಪಾಠ. ಮಕ್ಕಳ ತಲೆಯನ್ನು ಖಾಲಿ ಖಾತೆ ಅಂತ ತಿಳಿದು ಮಾಸ್ತರು ಜಮಾ ಮಾಡುತ್ತ ಹೋಗುವ ‘ಬ್ಯಾಂಕಿಂಗ್’ ಶಿಕ್ಷಣವನ್ನು ಆತ ಯಾಕೆ ವಿರೋಧಿಸಿದ ಅನ್ನೋದನ್ನು ಸರ್ ಪಾಯಿಂಟು ಹಾಕಿ ಡಿಕ್ಟೇಟ್ ಮಾಡಿಸುತ್ತಿದ್ದರು. ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: “ಸರ್, ಇದು ಐದು ಮಾರ್ಕಿಗೆ ಬರ್ತೈತೋ, ಹತ್ತಕ್ಕೋ?”

“ಹತ್ತಕ್ಕ. ಬರಕೋರಿ.”

ಕ್ಲಾಸು ನಕ್ಕಿತು. ಆದರೆ ಆ ತಾಸಿನಲ್ಲಿ ಮಾರ್ಕ್ಸ್‌ನ ಹತ್ತಿರ ಹೋದದ್ದು ಆ ಪ್ರಶ್ನೆಯೊಂದೇ. ಮಾರ್ಕ್ಸ್‌ನ ಹಾದಿಯ ಅಮೆರಿಕದ ಅರ್ಥಶಾಸ್ತ್ರಜ್ಞರಾದ ಬೌಲ್ಸ್ ಮತ್ತು ಗಿಂಟಿಸ್ 1976ರಲ್ಲಿ ಹೇಳಿದ್ದು ಇದನ್ನೇ: ಶಾಲೆಯ ರೀತಿ ಕಾರ್ಖಾನೆಯ ರೀತಿಗೆ ತಾಳೆಯಾಗಿರುತ್ತದೆ. ಏನು ಕಲಿಯಬೇಕೆಂಬುದು ಕಲಿಯುವವನ ಕೈಯಲ್ಲಿಲ್ಲ, ದುಡಿಮೆಯೆಲ್ಲ ಪಗಾರಕ್ಕಾಗಿ, ಇಲ್ಲಿ ಪಗಾರ ಅಂದರೆ ಮಾರ್ಕು. ಐದು ಮಾರ್ಕಾದರೆ ಅರ್ಧ ಪುಟ, ಹತ್ತಾದರೆ ಎರಡು ಪುಟ. ಹುಡುಗ ಲೆಕ್ಕದಲ್ಲಿ ಚುರುಕು. ಸರ್ ಅವರದೂ ಅದೇ ಪಾಡು, ಸಿಲೆಬಸ್ ಮುಗಿಸದಿದ್ದರೆ ಪ್ರಿನ್ಸಿಪಾಲರು ಬಿಡುತ್ತಾರೆಯೇ? ಶಿಕ್ಷಕನಿಗೂ ಶಿಕ್ಷಣ ಆಗಬೇಕೆಂದು ಮಾರ್ಕ್ಸ್ 1845ರಲ್ಲೇ ಬರೆದಿಟ್ಟಿದ್ದ.

ಪರೀಕ್ಷೆಯ ಉತ್ತರದಲ್ಲಿ ಫ್ರೇರೆ ಅಂದರೆ ‘ಸಂವಾದ’, ಮುಗಿಯಿತು. ಆತನ ಕೆಲಸ ಅಷ್ಟು ಸಲೀಸಲ್ಲ. 1963ರಲ್ಲಿ ಬ್ರೆಜಿಲ್‌ನ ಆಂಜಿಕೋಸ್‌ನಲ್ಲಿ ಸುಮಾರು 300 ದುಡಿಮೆಗಾರರಿಗೆ 40 ತಾಸಿನಲ್ಲಿ ಓದು-ಬರಹ ಕಲಿಸುವ ಪ್ರಯೋಗ ನಡೆಯಿತು. ಅದಕ್ಕೂ ಮುಂಚೆ ಜನರ ನಡುವೆ ಕೂತು, ಅವರ ಮಾತು ಕೇಳಿ, ಅವರ ಬದುಕಿನದೇ ಶಬ್ದಗಳನ್ನು ಪಾಠಕ್ಕೆ ಆರಿಸಬೇಕು. ಇಂಥ 15ರಿಂದ 18 ಶಬ್ದ ಸಾಕು.

ನಮ್ಮಲ್ಲಿ ಮಾಡುವುದಾದರೆ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವ ಹೆಂಗಸರಿಗೆ ‘ಕೂಲಿ’. ಮೊದಲು ಅಕ್ಷರವಿಲ್ಲದ ಚಿತ್ರ: ಕಾಯಿಯ ರಾಶಿ, ತಕ್ಕಡಿ, ಸುತ್ತ ಕೂತವರು. ತೂಕ ಮಾಡೋರು ಯಾರು, ದರ ಕಟ್ಟೋರು ಯಾರು? ಮಾತು ಕಾವೇರಿದ ಮೇಲೆ ಚಿತ್ರದ ಕೆಳಗೆ ಶಬ್ದ. ಆಮೇಲೆ ಕೂ, ಲಿ ಎಂದು ಬಿಡಿಸಿ, ಕ ಕಾ ಕಿ ಕೀ ಒಂದು ಸಾಲು, ಲ ಲಾ ಲಿ ಲೀ ಇನ್ನೊಂದು. ಎರಡನ್ನೂ ಕೂಡಿಸಿ ಕಾಲು, ಕೋಲು, ಕೀಲಿ ಅಂತ ಅವರೇ ಕಟ್ಟಬೇಕು, ಮಾಸ್ತರು ಹೇಳಿಕೊಡಬಾರದು.

ಕೆಡುವುದು ಚಿತ್ರದ ಹತ್ತಿರವೇ. ವೇಳೆ ಇಲ್ಲವೆಂದು ಅದನ್ನು ಹಾರಿಸಿ ಕಾಗುಣಿತಕ್ಕೆ ಇಳಿದರೆ ಉಳಿಯುವುದು ಹಳೇ ಬಾಲಬೋಧೆ. ಇನ್ನು ಕೆಲವು ಕ್ರಾಂತಿಕಾರಿ ಮಾಸ್ತರುಗಳು ಉತ್ತರವನ್ನು ಜೇಬಿನಲ್ಲಿಟ್ಟುಕೊಂಡೇ ಬರುತ್ತಾರೆ. ಶೋಷಣೆ ಎಂಬ ಶಬ್ದ ಹೆಂಗಸರ ಬಾಯಿಂದ ಬರುವ ತನಕ ಬಿಡುವುದಿಲ್ಲ. ಅದೂ ಜಮಾ ಮಾಡುವುದೇ, ನೋಟು ಬೇರೆ ಅಷ್ಟೇ.

ಆಗ ಬ್ರೆಜಿಲ್‌ನಲ್ಲಿ ಓದು-ಬರಹ ಬಾರದವರಿಗೆ ಓಟಿರಲಿಲ್ಲ, ಹೊಸದಾಗಿ ಕಲಿತವರೆಲ್ಲ ಹೊಸ ಮತದಾರರು. 1964ರಲ್ಲಿ ಮಿಲಿಟರಿ ಅಧಿಕಾರ ಹಿಡಿದು ಫ್ರೇರೆಯ ಓದು-ಬರಹದ ಕಾರ್ಯಕ್ರಮವನ್ನು ನಿಲ್ಲಿಸಿ, ಆತನನ್ನು ಜೈಲಿಗೆ ಹಾಕಿತು.